ತಾರೀಖು ಮುಂದೆ ಹೋಗದ ಕಡೆ

ತಿಕೋಟಾದ ಫೋಟೋದವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಒಬ್ಬ ಕಂಡಕ್ಟರ್. ವಿಜಯಪುರದ ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿ ಕೂತಿದ್ದೆ. ಅವನು ಬಸಿಗೆ ಚಹಾ ಸುರಿದುಕೊಳ್ಳುತ್ತ, ನಿಮ್ಮ ಫೋಟೋದವರು ಬೆಳಿಗ್ಗೆ ಅಂಗಡಿಯಲ್ಲಿ ಕೂತಲ್ಲೇ ಹೋದರಂತೆ, ಮಣ್ಣು ಸಂಜೆಗಂತೆ ಎಂದ. ಗೆಳೆಯ ಸತ್ತನೆಂದರೆ ಮನುಷ್ಯನಿಗೆ ಮೊದಲು ಅಳು ಬರಬೇಕು. ನನಗೆ ಬಂದದ್ದು ಒಂದು ಪ್ರಶ್ನೆ. ಯಾವ ಕಡೆ ಕೂತಿದ್ದಾಗ ಹೋದರು? ಕಂಡಕ್ಟರನನ್ನು ಕೇಳಿದರೆ ಅವನಿಗೆ ಏನು ತಿಳಿಯಬೇಕು. ಚಹಾ ಅರ್ಧಕ್ಕೆ ಬಿಟ್ಟು ತಿಕೋಟಾ ಬಸ್ಸು ಹತ್ತಿದೆ.

ಆ ಪ್ರಶ್ನೆ ಯಾಕೆ ಬಂತು ಎಂದು ಹೇಳಬೇಕಾದರೆ ಅವರನ್ನೇ ಮೊದಲು ಹೇಳಬೇಕು. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಸೇರುತ್ತಿರಲಿಲ್ಲ. ಅಂಗಡಿಗೆ ಬೋರ್ಡು ಇರಲಿಲ್ಲ. ಬೇರೆ ಸ್ಟುಡಿಯೋದವರು ಫೋಟೋದ ಮೂಲೆಯಲ್ಲಿ ತಮ್ಮ ಹೆಸರು ಹಾಕುತ್ತಾರೆ, ಇವರು ಹಾಕುತ್ತಿರಲಿಲ್ಲ. ನೀವ್ಯಾಕೆ ಹಾಕುವುದಿಲ್ಲ ಎಂದು ಕೇಳಿದ್ದೆ. ಆ ಫೋಟೋಕ್ಕೆ ಮನೆಮಂದಿ ದಿನಾ ಕೈಮುಗಿಯುತ್ತಾರೆ, ನನಗ್ಯಾಕೆ ಮುಗಿಯಬೇಕು ಎಂದರು. ತೆಳ್ಳಗಿನ ಮೈ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಹಣೆಯ ಮೇಲಕ್ಕೆ ಸರಿಸಿದ ಕನ್ನಡಕ. ಬದುಕಿದ್ದವರೊಡನೆ ಮಾತು ಕಡಿಮೆ.

ನಾನು ತಿಕೋಟಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಬಂದದ್ದು ಹೋದದ್ದು ಬರೆಯುವುದು, ಮೈಕಿನಲ್ಲಿ ಕೂಗುವುದು, ಬಸ್ಸು ತಡವಾದರೆ ನಾನೇ ದಾರಿಯಲ್ಲಿ ತಡೆದು ನಿಲ್ಲಿಸಿದ್ದೇನೋ ಎಂಬಂತೆ ಮಂದಿಯ ಕೈಯಲ್ಲಿ ಬೈಸಿಕೊಳ್ಳುವುದು, ಇದು ನನ್ನ ನೌಕರಿ. ಅವರ ಅಂಗಡಿ ನಿಲ್ದಾಣದ ಎದುರಿಗೇ ಇತ್ತು. ಎರಡು ಬಸ್ಸುಗಳ ನಡುವೆ ಸಿಕ್ಕ ಹೊತ್ತನ್ನೆಲ್ಲ ಅಲ್ಲಿ ಕೂತು ಕಳೆದಿದ್ದೇನೆ.

ನಮ್ಮ ಕಡೆ ಅನೇಕ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಹೂವಿನಲ್ಲಿ ಮುಚ್ಚಿ, ಗೋಡೆಗೆ ಆನಿಸಿ ಕೂಡಿಸಿದರೆ ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನಕ್ಕೆ ಹುಟ್ಟಿದಂದಿನಿಂದ ನೆಟ್ಟಗೆ ತೆಗೆದ ಫೋಟೋ ಅದೊಂದೇ. ಆಮೇಲೆ ಗೋಡೆಗೆ ಹಾಕಲು ಅದರಿಂದಲೇ ಮುಖ ಕತ್ತರಿಸಬೇಕು. ಕತ್ತರಿಸಿದರೆ ಆಗಲಿಲ್ಲ, ಮುಚ್ಚಿದ ಕಣ್ಣು ತೆರೆಸಬೇಕು. ಅದು ನಮ್ಮ ಫೋಟೋದವರ ಕಸುಬು. ಕನಮಡಿಯಿಂದ ಬಬಲೇಶ್ವರದವರೆಗೆ, ಆಚೆ ಮಮದಾಪುರದವರೆಗೆ, ಗೋಡೆಯ ಮೇಲಿಂದ ನಿಮ್ಮನ್ನು ನೋಡುವ ಹಿರಿಯರಲ್ಲಿ ಮುಕ್ಕಾಲು ಮಂದಿಗೆ ಕಣ್ಣು ತೆರೆಸಿದವರು ಅವರೇ.

ಕಣ್ಣನ್ನು ಎಲ್ಲಿಂದಲೋ ತಂದು ಹಚ್ಚುತ್ತಿರಲಿಲ್ಲ. ರಕ್ತಸಂಬಂಧದವರದ್ದೇ ಆಗಬೇಕು, ಮಗನದ್ದೋ ಮಗಳದ್ದೋ ತಂಗಿಯದ್ದೋ. ಅವರನ್ನು ಕರೆಸಿ ಸ್ಟೂಲಿನ ಮೇಲೆ ಕೂಡಿಸಿ ಫೋಟೋ ತೆಗೆದು, ಅದರಿಂದ ಕಣ್ಣಿನ ಪಟ್ಟಿಯನ್ನಷ್ಟೇ ಕತ್ತರಿಸಿ ಸತ್ತವರಿಗೆ ಕೂಡಿಸುತ್ತಿದ್ದರು. ನನ್ನ ಅಪ್ಪ ತೀರಿದಾಗ ನಾನೂ ಆ ಸ್ಟೂಲಿನ ಮೇಲೆ ಕೂತೆ. ದುಃಖಕ್ಕೆ ಕಣ್ಣು ತುಂಬಿಕೊಂಡಿದ್ದವು. ಅಳುವ ಕಣ್ಣು ನಡೆಯುವುದಿಲ್ಲ, ಖಾಲಿ ಕೂತುಕೊಳ್ಳಿ ಎಂದು ಗದರಿಸಿದರು. ಆಮೇಲೆ ಪರದೆಯ ಮೇಲೆ ನನ್ನ ಕಣ್ಣನ್ನು ದೊಡ್ಡದು ಮಾಡಿ, ಕರಿಗುಡ್ಡೆಯ ಅಂಚಿಗೆ ಬೆರಳಿಟ್ಟು ತೋರಿಸಿದರು. ಅಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕಿ ಇತ್ತು.

"ಇದು ಜೀವಂತ ಇದ್ದವರ ಕಣ್ಣಾಗ ಅಷ್ಟ ಇರತೈತ್ರಿ. ಇದನ್ನ ತಗೀಬೇಕು. ಬಿಟ್ರ ನಿಮ್ಮ ಮನ್ಯಾಗ ಯಾರಿಗೂ ನಿದ್ದಿ ಹತ್ತೂದಿಲ್ಲ" ಎಂದರು.

ಚುಕ್ಕಿ ತೆಗೆದರು. ಅಪ್ಪ ಈಗ ನಮ್ಮ ನಡುಮನೆಯಲ್ಲಿ ನನ್ನ ಕಣ್ಣಿಂದ ಶಾಂತವಾಗಿ ನೋಡುತ್ತಾನೆ. ನನ್ನ ಹೆಂಡತಿ ಆ ಗೋಡೆಯ ಮುಂದೆ ಹಾಯುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಇದು ಮಾವನಿಗೆ ಕೊಡುವ ಮರ್ಯಾದೆಯೋ ಗಂಡನಿಗೋ ಎಂದು ಚೇಷ್ಟೆ ಮಾಡಿದರೆ ಸಿಟ್ಟಾಗುತ್ತಾಳೆ, ಉತ್ತರ ಕೊಡುವುದಿಲ್ಲ.

ಇನ್ನು ಆ ಕಂಪ್ಯೂಟರಿನ ಮಾತು. ಮೊದಲು ಅದರಲ್ಲಿದ್ದದ್ದು ಹಳೆಯ ಕಾಲದ ವಿಂಡೋಸ್. ಅವರ ಸ್ಕ್ಯಾನರು, ಕಣ್ಣು ತೆರೆಸುವ ಪ್ರೋಗ್ರಾಮು, ದೊಡ್ಡ ಪ್ರಿಂಟರು ಎಲ್ಲ ಅದಕ್ಕೆ ಒಗ್ಗಿಕೊಂಡಿದ್ದವು. ಕಾಲ ಬದಲಾಗಿ ಮಂದಿ ಮೊಬೈಲಿನಲ್ಲಿ ಫೋಟೋ ತರಲು ಸುರು ಮಾಡಿದರು. ಹಳೆಯದಕ್ಕೆ ಮೊಬೈಲಿನ ಗುರುತೇ ಹತ್ತಲಿಲ್ಲ. ಸೊಲ್ಲಾಪುರ ರಸ್ತೆಯಿಂದ ಒಬ್ಬ ರಿಪೇರಿಯವನು ಬಂದು, ಹೊಸ ವಿಂಡೋಸ್ ಹಾಕೋಣ, ಆದರೆ ಹಳೆಯ ಸ್ಕ್ಯಾನರು ಅದರಲ್ಲಿ ನಡೆಯುವುದಿಲ್ಲ, ಎಸೆಯಿರಿ ಎಂದ. ಇವರು ಎಸೆಯುವ ಪೈಕಿ ಅಲ್ಲ. ಕೊನೆಗೆ ಅವನು ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ಹಳೆಯದನ್ನು ಹಾಗೇ ಬಿಟ್ಟು ಇನ್ನೊಂದರಲ್ಲಿ ಹೊಸದನ್ನು ಕೂಡಿಸಿದ. ಪಾಲಾದ ಅಣ್ಣತಮ್ಮಂದಿರು ಒಂದೇ ಮನೆಯ ನಡುವೆ ಗೋಡೆ ಎತ್ತಿಕೊಳ್ಳುತ್ತಾರಲ್ಲ, ಹಾಗೆ. ಯಂತ್ರ ಚಾಲೂ ಮಾಡಿದರೆ ಮೊದಲು ಒಂದು ಕಪ್ಪು ಪರದೆ ಬರುತ್ತಿತ್ತು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು, ಹಳೆಯದು ಮತ್ತು ಹೊಸದು. ಯಾವುದನ್ನು ಆರಿಸುತ್ತೀರೋ ಅದು ತೆರೆಯುತ್ತಿತ್ತು, ಇನ್ನೊಂದು ಇದೆಯೋ ಇಲ್ಲವೋ ಎಂಬಂತೆ ಸುಮ್ಮನಿರುತ್ತಿತ್ತು.

ಸತ್ತವರು ಕಾಗದದ ಫೋಟೋ ಆಗಿ ಬರುತ್ತಿದ್ದರು, ಸ್ಕ್ಯಾನರು ಬೇಕು, ಹಾಗಾಗಿ ಹಳೆಯದಕ್ಕೆ ಹೋಗುತ್ತಿದ್ದರು. ಬದುಕಿದ್ದವರು ಮೊಬೈಲಿನಲ್ಲಿ ಬರುತ್ತಿದ್ದರು, ಹೊಸದಕ್ಕೆ ಹೋಗುತ್ತಿದ್ದರು. ಮೊದಮೊದಲು ಅದು ಅಷ್ಟೇ, ಕೆಲಸದ ಅನುಕೂಲ. ಆಮೇಲೆ ಅದು ಅವರಿಗೆ ನೇಮವಾಯಿತು. ಹೊಸದಕ್ಕೆ ಈ ಕಡೆ ಎಂದೂ ಹಳೆಯದಕ್ಕೆ ಆ ಕಡೆ ಎಂದೂ ಹೆಸರಾಯಿತು. ರಿಪೇರಿಯವನನ್ನು ಮತ್ತೆ ಕರೆಸಿ, ಒಂದು ಕಡೆಯ ಫೋಟೋ ಇನ್ನೊಂದು ಕಡೆ ಕಾಣದ ಹಾಗೆ ಮಾಡಿಸಿಕೊಂಡರು. ಈ ಕಡೆಯಿಂದ ಆ ಕಡೆಗೆ ಪೆನ್ ಡ್ರೈವಿನಲ್ಲಿ ದಾಟುತ್ತಿದ್ದದ್ದು ಕಣ್ಣಿನ ಪಟ್ಟಿ ಮಾತ್ರ. ಬದುಕಿದ್ದವರ ಪೂರ್ತಿ ಮುಖ ಯಾವತ್ತೂ ದಾಟಬಾರದು. ಆ ಕಡೆಯಿಂದ ಈ ಕಡೆಗಂತೂ ಏನೂ ಬರಬಾರದು.

ಮುಂಜಾನೆ ಮೊದಲು ಆ ಕಡೆಯ ಕೆಲಸ. ಅದು ಮುಗಿದರೆ ಪ್ಲಗ್ಗನ್ನೇ ಕಿತ್ತು, ಹೊರಗಿನ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದುಕೊಂಡು, ಮಣ್ಣಿಗೆ ಹೋಗಿ ಬಂದವರ ಹಾಗೆ ಒಳಗೆ ಬಂದು ಈ ಕಡೆ ಚಾಲೂ ಮಾಡುತ್ತಿದ್ದರು. ನಡುವೆ ತಿರುಗಿ ಆ ಕಡೆ ಹೋಗಬೇಕಾದರೆ ಮತ್ತೆ ಪ್ಲಗ್ ಕಿತ್ತು ಮತ್ತೆ ನಲ್ಲಿ. ಯಂತ್ರದೊಳಗೆ ಗಡಿಯಾರಕ್ಕೆಂದು ಇದ್ದ ಸಣ್ಣ ಬ್ಯಾಟರಿ ಎಂದೋ ಸತ್ತಿತ್ತು. ಪ್ಲಗ್ ಕಿತ್ತಾಗಲೆಲ್ಲ ಅದು ದಿನವನ್ನು ಮರೆತು ಬಹಳ ಹಿಂದಿನ ಒಂದು ಜನವರಿಗೆ ಹೋಗಿ ನಿಲ್ಲುತ್ತಿತ್ತು. ಈ ಕಡೆ ಇಂಟರ್ನೆಟ್ ಇತ್ತು, ಅದು ಸರಿಯಾದ ತಾರೀಖನ್ನು ತಾನೇ ತಂದುಕೊಳ್ಳುತ್ತಿತ್ತು. ಆ ಕಡೆ ಇರಲಿಲ್ಲ. ಅಲ್ಲಿ ಯಾವಾಗ ಹೋದರೂ ಅದೇ ಜನವರಿಯ ಅದೇ ಮೊದಲ ದಿನ. ಅಲ್ಲಿಟ್ಟ ಪ್ರತಿಯೊಂದು ಮುಖಕ್ಕೂ ಅದೇ ತಾರೀಖು. ಒಂದು ಬ್ಯಾಟರಿ ಹಾಕಿಸಬಾರದೇ ಎಂದರೆ, ಆ ಕಡೆ ಇರುವವರಿಗೆ ತಾರೀಖು ಕಟ್ಟಿಕೊಂಡು ಏನಾಗಬೇಕು ಎನ್ನುತ್ತಿದ್ದರು. ನಾನು ನಕ್ಕಿದ್ದೆ.

ಮಮದಾಪುರದಿಂದ ಒಬ್ಬ ಮುದುಕ ಬಂದಿದ್ದ. ಗಟ್ಟಿಮುಟ್ಟಾಗಿದ್ದ, ಅಲ್ಲಿಯ ಕೆರೆ ದಂಡೆಯಲ್ಲಿ ಎಮ್ಮೆ ಮೇಯಿಸುವವನು. ಸತ್ತ ಮೇಲೆ ಮಕ್ಕಳಿಗೆ ತೊಂದರೆ ಬೇಡ, ನನ್ನದು ಈಗಲೇ ಆ ಕಡೆ ಮಾಡಿ ಇಟ್ಟುಬಿಡು ಎಂದ. ಇವರು ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಾದರೆ ತೆಗೆಯುತ್ತೇನೆ, ಅದನ್ನು ಮಾಡುವುದಿಲ್ಲ ಎಂದರು. ಮುದುಕ ವಾದ ಮಾಡಿದ, ಬೈದ, ಕೊನೆಗೆ ತಂಬಾಕು ತಿಕ್ಕುತ್ತ ಎದ್ದುಹೋದ. ಅವನು ಹೋದ ಮೇಲೆ ಇವರು ಎದ್ದು ನಲ್ಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು.

ಅಷ್ಟು ಹೆದರಲು ಕಾರಣ ಇತ್ತು. ಅದಕ್ಕೂ ಮುಂಚೆ ಆ ಕಪ್ಪು ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ನೀವು ಏನೂ ಆರಿಸದಿದ್ದರೆ ಸೆಕೆಂಡು ತೀರಿದ ಮೇಲೆ ಅದು ತಾನಾಗಿ ಹಳೆಯ ಕಡೆ ತೆರೆದುಕೊಳ್ಳುತ್ತಿತ್ತು. ಒಂದು ದಿನ ಬಬಲೇಶ್ವರದ ಕಾಳಿನ ವ್ಯಾಪಾರಿಯೊಬ್ಬ ಅರ್ಜೆಂಟ್ ಫೋಟೋಕ್ಕೆ ಬಂದ. ಕ್ಯಾಮರಾದಲ್ಲಿ ಫೋಟೋ ತೆಗೆದಾಯಿತು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಇವರು ಚಹಾ ಹೇಳಲು ಬಾಗಿಲಿಗೆ ಹೋದರು, ಯಂತ್ರ ತನ್ನ ಪಾಡಿಗೆ ಸೆಕೆಂಡು ಎಣಿಸಿ ಆ ಕಡೆ ಹೋಗಿ ಕೂತಿತ್ತು. ಗಡಿಬಿಡಿಯಲ್ಲಿ ಇವರು ನೋಡಲಿಲ್ಲ. ಕ್ಯಾಮರಾದ ಕಾರ್ಡು ಹಾಕಿ ಅಲ್ಲಿಯೇ ಫೋಟೋ ಸರಿಮಾಡಿ ಕೊಟ್ಟುಬಿಟ್ಟರು. ಆ ಮನುಷ್ಯ ನನ್ನ ಕಣ್ಣೆದುರಿಗೇ ಬಸ್ಸು ಹತ್ತಿ ಹೋದ. ವಾರ ತುಂಬುವ ಮೊದಲು ಅವನ ಮಗ ಅದೇ ಫೋಟೋ ಹಿಡಿದುಕೊಂಡು ಬಂದ, ದೊಡ್ಡದು ಮಾಡಿಕೊಡಿ, ಹಾರ ಹಾಕಬೇಕು ಎಂದು.

ಆತನಿಗೆ ಹೃದಯದ ಬೇನೆ ಮೊದಲೇ ಇತ್ತು, ಊರಿಗೆಲ್ಲ ಗೊತ್ತು. ನಾನು ಇದನ್ನು ಸಾವಿರ ಸಲ ಹೇಳಿದೆ. ಇವರು ಕೇಳಿಸಿಕೊಂಡರು, ಒಪ್ಪಲಿಲ್ಲ. ರಿಪೇರಿಯವನಿಂದ ಆ ಸೆಕೆಂಡುಗಳನ್ನೇ ತೆಗೆಸಿದರು. ಅಂದಿನಿಂದ ಕಪ್ಪು ಪರದೆ ಯಾರಾದರೂ ಆರಿಸುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತಿತ್ತು.

ಹೀಗಿರುವಾಗ ಕನಮಡಿಯ ಗಂಗವ್ವ ಬಂದಳು. ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಜೊತೆಗೆ ಅವಳ ಕಿರಿಯ ಮಗನಿದ್ದ. ಹಿರಿಯ ಮಗ ಮಲ್ಲೇಶಿ ಕುರಿ ಹೊಡೆದುಕೊಂಡು ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋದವನು. ಹೋದವರೆಲ್ಲ ತಿರುಗಿ ಬಂದರು, ಕುರಿಯೂ ಬಂದವು, ಅವನು ಬರಲಿಲ್ಲ. ತಪ್ಪಿಸಿಕೊಂಡ ಒಂದು ಕುರಿ ಹುಡುಕಲು ಹೋದ, ಆ ಕುರಿ ಮರುದಿನ ತಾನೇ ಬಂತು ಎಂದು ಜೊತೆಯವರು ಹೇಳಿದರು. ಪೊಲೀಸರಿಗೆ ಹೇಳಿದ್ದಾಯಿತು, ಊರೂರು ತಿರುಗಿದ್ದಾಯಿತು, ವರ್ಷಗಳು ಹೋದವು. ಈಗ ಕಿರಿಯವನಿಗೆ ಹೆಣ್ಣು ಗೊತ್ತಾಗಿತ್ತು. ಹಿರಿಯವನದು ಒಂದು ಕಡೆ ಆಗದೆ ನಾವು ಹುಡುಗಿ ಕೊಡುವುದಿಲ್ಲ ಎಂದು ಬೀಗರು ಹಟ ಹಿಡಿದಿದ್ದರು. ಗಂಗವ್ವನೂ ಸೋತಿದ್ದಳು. ಹೋದ ಎಂದಾದರೂ ಅಂದುಕೊಂಡು ಒಂದು ದಿನ ಅತ್ತು ಮುಗಿಸುತ್ತೇನೆ, ಹಾರ ಹಾಕುವ ಫೋಟೋ ಮಾಡಿಕೊಡಿ ಎಂದಳು.

ಮುಖ ಕಾಣುವಂಥದ್ದು ಇದ್ದದ್ದು ಒಂದೇ ಫೋಟೋ, ತಮ್ಮನ ಮೊಬೈಲಿನಲ್ಲಿ. ಮಲ್ಲೇಶಿ ಕುರಿಗಳ ನಡುವೆ ನಿಂತು, ಬಿಸಿಲಿಗೆ ಕಣ್ಣು ಪೂರ್ತಿ ಮುಚ್ಚಿ ನಗುತ್ತಿದ್ದ. ಅವನ ಮದುವೆ ಸಾಮೂಹಿಕ ವಿವಾಹದಲ್ಲಿ ಆದದ್ದು, ಆ ಫೋಟೋದಲ್ಲಿ ಬಾಸಿಂಗದ ಹೂವಿನಲ್ಲಿ ಮುಖವೇ ಮುಚ್ಚಿಹೋಗಿತ್ತು. ಆಧಾರ ಕಾರ್ಡು ಅವನ ಕಿಸೆಯಲ್ಲೇ ಹೋಗಿತ್ತು. ಹಾಗಾಗಿ ಕಣ್ಣು ಬೇಕು, ತಾಯಿಯದ್ದೇ ಆಗಲಿ ಎಂದಾಯಿತು. ಗಂಗವ್ವ ಸ್ಟೂಲಿನ ಮೇಲೆ ಕೂತಳು. ನಾನು ಅಲ್ಲೇ ಇದ್ದೆ. ಖಾಲಿ ಕೂತುಕೋ ಎಂದು ಅವರು ಎಷ್ಟು ಹೇಳಿದರೂ ಅವಳ ದೃಷ್ಟಿ ಕ್ಯಾಮರಾ ದಾಟಿ, ಬಾಗಿಲು ದಾಟಿ, ಬಸ್ಸುಗಳು ಬಂದು ನಿಲ್ಲುವ ಕಡೆ ಹೋಗುತ್ತಿತ್ತು. ಮತ್ತೆ ಮತ್ತೆ ತೆಗೆದರು. ಕೊನೆಗೆ ಸಾಕು ಬಿಡು ಎಂದು ಅದರಲ್ಲೇ ಒಂದನ್ನು ಇಟ್ಟುಕೊಂಡರು.

ಎರಡು ದಿನ ಬಿಟ್ಟು ಸಂತೆಯ ದಿನ ಮಲ್ಲೇಶಿಯ ಹೆಂಡತಿ ಬಂದಳು. ನೀಲವ್ವ ಎಂದು ಹೆಸರು, ಕೈತುಂಬ ಹಸಿರು ಬಳೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಈ ಅಂಗಡಿಯ ನೇಮ ಅವಳಿಗೆ ಯಾರೋ ಹೇಳಿದ್ದರು.

"ಅವರನ್ನ ಆ ಕಡೆ ಹಾಕಬ್ಯಾಡ್ರಿ. ಹಾರ ಬಿದ್ದ ದಿನಾನ ನನ್ನ ಬಳಿ ಒಡೀತಾರ. ನಾಳೆ ಅವರು ಬಂದು ಬಾಗಲದಾಗ ನಿಂತ್ರ ನಾ ಯಾವ ಮುಖ ತಗೊಂಡು ನೀರು ಕೊಡ್ಲಿ?"

ಅವಳು ಹೋದ ಮೇಲೆ ಫೋಟೋದವರು ಮಲ್ಲೇಶಿಯ ಫೋಟೋವನ್ನೂ ತಾಯಿಯ ಕಣ್ಣಿನ ಪಟ್ಟಿಯನ್ನೂ ಪೆನ್ ಡ್ರೈವಿಗೆ ಹಾಕಿ, ಈ ಕಡೆಯಿಂದ ಅವನ ಫೋಟೋ ಅಳಿಸಿದರು. ಪೆನ್ ಡ್ರೈವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಈ ಕಡೆ ಇಟ್ಟರೆ ಇದ್ದಾನೆ ಎಂದು ತಾನು ಹೇಳಿದ ಹಾಗೆ, ಆ ಕಡೆ ಹಾಕಿದರೆ ಇಲ್ಲ ಎಂದು ಹೇಳಿದ ಹಾಗೆ, ಎರಡೂ ತನಗೆ ಗೊತ್ತಿಲ್ಲ ಎಂದರು. ಸ್ವಲ್ಪ ದಿನದಲ್ಲಿ ಆ ತಮ್ಮನ ಮೊಬೈಲು ಬಾವಿಗೆ ಬಿತ್ತು. ಮಲ್ಲೇಶಿಯ ಮುಖ ಎಂಬುದು ಜಗತ್ತಿನಲ್ಲಿ ಆ ಒಂದು ಕಿಸೆಯಲ್ಲಷ್ಟೇ ಉಳಿಯಿತು.

ನನಗೆ ಸಿಟ್ಟು ಬಂತು. ಇದು ಯಂತ್ರ, ಯಮನ ಕಚೇರಿ ಅಲ್ಲ, ಅವರ ಮನೆಯ ನ್ಯಾಯ ಅವರು ನೋಡಿಕೊಳ್ಳಲಿ, ನೀವು ಫೋಟೋ ಮಾಡಿ ಕೊಟ್ಟು ಕೈತೊಳೆದುಕೊಳ್ಳಿ ಎಂದೆ. ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಕನಮಡಿ ಬಸ್ಸು ಬಂತು ಅಂತ ನೀವು ಮೈಕಿನ್ಯಾಗ ಯಾವಾಗ ಒದರತೀರಿ?"

ಕಣ್ಣಿಗೆ ಕಂಡ ಮೇಲೆ ಎಂದೆ.

"ನಾನೂ ಹಂಗರಿ" ಎಂದರು.

ಅಂದಿನಿಂದ ಪ್ರತಿ ಸಂತೆಗೆ ನೀಲವ್ವ ಬಂದು ಬಾಗಿಲಲ್ಲಿ ನಿಂತು, ದಾಟಿಸಿದಿರೇನು ಎಂದು ಕೇಳುವುದು, ಅವರು ಇಲ್ಲ ಎನ್ನುವುದು, ಅವಳು ಸಂತೆಗೆ ಹೋಗುವುದು. ಗಂಗವ್ವ ಬಂದರೆ, ಇನ್ನೂ ಕೆಲಸ ಇದೆ ಎನ್ನುವುದು. ಹೀಗೇ ದಿನಗಳು ಹೋದವು. ನಾನು ನಿವೃತ್ತನಾಗಿ ವಿಜಯಪುರದ ಮನೆ ಸೇರಿದೆ. ಆಗಾಗ ಹೋದಾಗ ಅವರ ಕಿಸೆಯ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಪೆನ್ ಡ್ರೈವಿನ ಉಬ್ಬು ಬಿಳಿ ಬಟ್ಟೆಯ ಕೆಳಗೆ ಕಾಣುತ್ತಿತ್ತು. ಒಂದು ಸಲ ಅದನ್ನು ಅಂಗೈಯಿಂದ ಒತ್ತಿಕೊಂಡು, ಇದು ಬೆಚ್ಚಗಿರುತ್ತದೆ ನೋಡ್ರಿ, ನಾನು ಹೊರಗಿನ ಚಳಿಯಿಂದ ಬಂದು ಮುಟ್ಟಿದರೂ ಬೆಚ್ಚಗಿರುತ್ತದೆ ಎಂದರು. ಕಿಸೆಯಲ್ಲಿದ್ದದ್ದು ಬೆಚ್ಚಗಿರದೆ ಏನು ಎಂದು ನಕ್ಕು ಮಾತು ತೇಲಿಸಿದೆ. ಅವರು ನಗಲಿಲ್ಲ.

ಅವರ ಮಣ್ಣಿನ ದಿನ ನಾನು ತಿಕೋಟಾ ಮುಟ್ಟುವ ಹೊತ್ತಿಗೆ ಅಂಗಡಿಯ ಮುಂದೆಯೇ ಅವರನ್ನು ಕೂಡಿಸಿದ್ದರು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅವರ ಹೆಂಡತಿ ನನ್ನನ್ನು ನೋಡಿ ಅತ್ತಳು. ಮುಂಜಾನೆ ಚಹಾ ತೆಗೆದುಕೊಂಡು ಹೋದಾಗ ಗೋಡೆಗೆ ತಲೆ ಆನಿಸಿ ಕೂತಿದ್ದರಂತೆ. ಕೈಕಾಲು ಇನ್ನೂ ಒದ್ದೆ ಇದ್ದವಂತೆ. ನಾನು ಯಂತ್ರದಲ್ಲಿ ಏನು ಕಾಣುತ್ತಿತ್ತು ಎಂದು ಕೇಳಿದೆ. ಕಪ್ಪು ಪರದೆ, ಬಿಳಿ ಅಕ್ಷರದ ಎರಡು ಸಾಲು ಎಂದಳು. ಯಾವುದನ್ನೂ ಆರಿಸಿರಲಿಲ್ಲ. ಅವರು ಹೋದ ಮೇಲೂ ಅದು ಕಾಯುತ್ತಲೇ ಇತ್ತು. ಆಗ ನನಗೆ ಅಳು ಬಂತು, ಹೆದರಿಕೆಯೂ ಆಯಿತು.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದಳು. ಅಂಗಡಿ ಮುಚ್ಚಬೇಕು, ಅದಕ್ಕೆ ಮೊದಲು ಮಂದಿಯ ಫೋಟೋ ಅವರವರಿಗೆ ಮುಟ್ಟಿಸಬೇಕು, ಯಂತ್ರ ನಿಮಗಷ್ಟೇ ಗೊತ್ತು ಎಂದಳು. ಅಂಗಿಯ ಕಿಸೆಯಲ್ಲಿ ಸಿಕ್ಕ ಪೆನ್ ಡ್ರೈವ್ ನನ್ನ ಕೈಗಿಟ್ಟಳು. ಸಂತೆಯ ದಿನವಾಗಿತ್ತು. ನಾವು ಬಾಗಿಲು ತೆರೆದಾಗ ನೀಲವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಡಿಯವರು ಸತ್ತದ್ದು ಅವಳಿಗೆ ಗೊತ್ತಿತ್ತು. ಗಂಡನ ಗತಿ ಏನಾಯಿತು ಎಂದು ತಿಳಿಯಲು ಬಂದಿದ್ದಳು.

ಮೊದಲು ಈ ಕಡೆ ತೆರೆದೆ. ಪೆನ್ ಡ್ರೈವ್ ಹಾಕಿದೆ. ಖಾಲಿ ಇತ್ತು. ಎಲ್ಲ ಕಡೆ ಹುಡುಕಿದೆ. ಗಂಗವ್ವ ಸ್ಟೂಲಿನ ಮೇಲೆ ಕೂತ ಫೋಟೋಗಳಿದ್ದವು, ಮಗನದು ಇರಲಿಲ್ಲ. ಉಳಿದದ್ದು ಆ ಕಡೆ. ಪ್ಲಗ್ ಕಿತ್ತೆ. ನಲ್ಲಿಗೆ ಹೋಗಿ ಕೈಕಾಲು ತೊಳೆದೆ. ಯಾರಾದರೂ ನೋಡಿದರೆ ಏನೆಂದಾರು ಎಂದು ನಾಚಿಕೆಯಾಯಿತು, ಆದರೂ ತೊಳೆದೆ.

ಆ ಕಡೆ ತೆರೆದರೆ ಅದೇ ಜನವರಿ. ಪರದೆಯ ತುಂಬ ಸಾಲುಸಾಲು ಮುಖಗಳು, ನಡುವೆ ಎಲ್ಲೋ ನನ್ನ ಅಪ್ಪ. ನೀಲವ್ವ ಮೊದಲ ಸಲ ಅಂಗಡಿಯ ಒಳಗೆ ಬಂದು ನನ್ನ ಹಿಂದೆ ನಿಂತಳು. ಕೆಳಗೆ ಸರಿಸುತ್ತ ಹೋದೆ. ಮಲ್ಲೇಶಿ ಇದ್ದ. ಕುರಿಗಳಿರಲಿಲ್ಲ, ಬಿಸಿಲಿರಲಿಲ್ಲ, ಹಿಂದೆ ತಿಳಿನೀಲಿ ಬಣ್ಣ. ಕಣ್ಣು ತೆರೆದಿದ್ದವು. ದೊಡ್ಡದು ಮಾಡಿದೆ. ಎರಡೂ ಗುಡ್ಡೆಯಲ್ಲಿ ಬೆಳಕಿನ ಚುಕ್ಕಿ ಹಾಗೇ ಇತ್ತು.

ಅವರು ಇದನ್ನು ಯಾವಾಗ ದಾಟಿಸಿದರು? ನೀಲವ್ವನಿಗೆ ಇಲ್ಲ ಇಲ್ಲ ಎನ್ನುತ್ತಲೇ ತಿಂಗಳುಗಟ್ಟಲೆ ಹಿಂದೆ ದಾಟಿಸಿದ್ದರೋ, ಅಥವಾ ಹೋದ ದಿನ ಮುಂಜಾನೆಯೇ ಮಾಡಿ, ಪ್ಲಗ್ ಕಿತ್ತು, ಕೈಕಾಲು ತೊಳೆದು ಬಂದು ಕೂತಿದ್ದರೋ? ತಾರೀಖು ನೋಡಿದೆ. ಜನವರಿಯ ಮೊದಲ ದಿನ ಎಂದಿತ್ತು. ಚುಕ್ಕಿ ತೆಗೆಯಲು ಹೊತ್ತು ಸಾಲಲಿಲ್ಲವೋ, ಬೇಕೆಂದೇ ಬಿಟ್ಟರೋ, ಅದೂ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ನಾನು ತಿರುಗಿ ನೀಲವ್ವನನ್ನು ನೋಡಲಿಲ್ಲ. ಅಳಿಸಲೇನವ್ವ ಎಂದು ಕೇಳಿದೆ. ಒಂದು ಗುಂಡಿ ಒತ್ತಿದರೆ ಆ ಕಡೆ ಅವನು ಇಲ್ಲವಾಗುತ್ತಿದ್ದ, ಅವಳ ಬಳೆ ಉಳಿಯುತ್ತಿದ್ದವು. ಆದರೆ ಮುಖ ಇದ್ದದ್ದೂ ಅದೊಂದೇ.

"ಅಳಿಸಬ್ಯಾಡ್ರಿ. ಅಳಿಸಿದ್ರ ಮುಖಾನೂ ಮರತು ಹೋಗತೈತಿ" ಎಂದಳು. ಆಮೇಲೆ ಪರದೆಯ ಹತ್ತಿರ ಬಂದಳು. "ಇವು ಅವರ ಕಣ್ಣಲ್ರಿ, ನಮ್ಮತ್ತಿ ಕಣ್ಣು. ಆಕಿಗೇ ತೋರಸೂಣು. ಆಕಿ ಹಾರ ಹಾಕಂದ್ರ ಹಾಕ್ಲಿ. ನಾ ಬಳಿ ತಗದು ಕೊಡ್ತೀನಿ."

ಹಾಗೆ ಎನ್ನಲು ಅವಳಿಗೆ ಎಲ್ಲಿಂದ ಧೈರ್ಯ ಬಂತೋ ನನಗೆ ಗೊತ್ತಿಲ್ಲ. ಕಾದು ಕಾದು ಅವಳೂ ದಣಿದಿದ್ದಳೋ ಏನೋ. ಪ್ರಿಂಟು ತೆಗೆದೆ. ಅಂಗಡಿಯಲ್ಲಿದ್ದ ಗಾಜಿನ ಚೌಕಟ್ಟಿನಲ್ಲಿ ಕೂಡಿಸಿ, ಬಟ್ಟೆಯಲ್ಲಿ ಸುತ್ತಿ, ಕನಮಡಿ ಬಸ್ಸಿಗೆ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಫೋಟೋ ಅವಳ ತೊಡೆಯ ಮೇಲಿತ್ತು. ಅವಳು ಬಟ್ಟೆ ಬಿಚ್ಚಿ ನೋಡಲಿಲ್ಲ.

ಮನೆಯಲ್ಲಿ ವಿಷಯ ತಿಳಿದ ಕೂಡಲೇ ಮಲ್ಲೇಶಿಯ ತಮ್ಮ ಗೋಡೆಗೆ ಮೊಳೆ ಹೊಡೆದ. ಯಾರೋ ಓಡಿಹೋಗಿ ಚೆಂಡುಹೂವಿನ ಹಾರ ತಂದರು. ನೆರೆಮನೆಯ ಹೆಂಗಸರು ಬಂದು ಅಂಗಳದಲ್ಲಿ ನಿಂತರು, ಅಳಲು ತಯಾರಾಗಿಯೇ ಬಂದಿದ್ದರು. ನೀಲವ್ವ ಒಂದು ಕಂಬಕ್ಕೆ ಆನಿಕೊಂಡು, ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡು ಕೂತಳು. ಗಂಗವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಬಿಚ್ಚಿದಳು, ಸೆರಗಿನ ಚುಂಗಿನಿಂದ ಗಾಜು ಒರೆಸಿದಳು, ನೋಡಿದಳು.

ನೋಡುತ್ತಲೇ ಇದ್ದಳು. ಅಳಲಿಲ್ಲ. ಫೋಟೋವನ್ನು ಅತ್ತ ಇತ್ತ ಹೊರಳಿಸಿದಳು. ಆ ಕಣ್ಣು ಅವಳನ್ನು ನೋಡಲಿಲ್ಲ. ಹೇಗೆ ಹಿಡಿದರೂ ಅವಳನ್ನು ದಾಟಿ, ಅವಳ ಭುಜದ ಆಚೆ, ಬಾಗಿಲ ಕಡೆ ನೋಡುತ್ತಿದ್ದವು. ಕಿರಿಯ ಮಗ ಹಾರ ಹಿಡಿದು ಮುಂದೆ ಬಂದ. ಗಂಗವ್ವ ಕೈ ಅಡ್ಡ ಹಿಡಿದಳು.

"ತಡೀಲೇ. ಇಂವ ಇನ್ನಾ ಹಾದಿ ನೋಡಾಕತ್ತಾನ. ಸತ್ತವರು ಹಿಂಗ ಹಾದಿ ನೋಡೂದಿಲ್ಲ."

ಅವು ನಿನ್ನವೇ ಕಣ್ಣು ಎಂದು ಅವಳಿಗೆ ನೆನಪಿಸಬಲ್ಲವರು ಅಲ್ಲಿದ್ದೆವು, ನಾನು, ನೀಲವ್ವ, ಅಂದು ಅಂಗಡಿಗೆ ಅವಳ ಜೊತೆ ಬಂದಿದ್ದ ಕಿರಿಯ ಮಗ. ನಾನು ನೀಲವ್ವನ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು, ಅವನು ತಾಯಿಯ ಮಾತು ಮೀರಲಾರದೆ ಹಾರ ಕೆಳಗಿಳಿಸಿದ. ನಾನೂ ಹೇಳಲಿಲ್ಲ. ಹಾರವನ್ನು ಯಾರೋ ಒಳಗೆ ಒಯ್ದರು. ಅಂಗಳದ ಹೆಂಗಸರು ಒಬ್ಬೊಬ್ಬರೇ ಹೋದರು. ತಮ್ಮನ ಮುಖ ಸಣ್ಣದಾಗಿತ್ತು, ಅವನ ಮದುವೆ ಮತ್ತೆ ಮುಂದಕ್ಕೆ ಹೋಯಿತು. ನೀಲವ್ವ ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಫೋಟೋವನ್ನು ಆ ಮೊಳೆಗೆ ಹಾಕಲಿಲ್ಲ. ಬಾಗಿಲಿಗೆ ನೇರ ಎದುರಿನ ಗೋಡೆಗೆ, ಹಾರ ಕುಂಕುಮ ಏನೂ ಇಲ್ಲದೆ, ರಸ್ತೆ ಕಾಣುವ ಹಾಗೆ ಹಾಕಿದ್ದಾರೆ. ಮೊದಲು ಆ ಮನೆಯಲ್ಲಿ ಹಾದಿ ನೋಡುವವರು ಇಬ್ಬರಿದ್ದರು. ಈಗ ಮೂವರಾಗಿದ್ದಾರೆ.